ಹೊಳಲ್ಕೆರೆ ಕಡೆ ಬೆಟ್ಟದಲ್ಲಿ ಡಬ್ಬಿ ಹುಡುಕಾಟ: ನನ್ನ ಅನುಭವ

ಜಿಯೋಕ್ಯಾಶಿಂಗ್, ಅಂದರೆ ಅಡಗಿಸಿಟ್ಟ ಡಬ್ಬಿಯನ್ನು ಜಿಪಿಎಸ್ ಹಿಡಿದು ಹುಡುಕುವ ಆಟ, ನಮ್ಮ ಕಡೆ ನಡೆಯಲ್ಲ ಎಂದವರೇ ಜಾಸ್ತಿ. ಆಟದ ಆಪ್ ತೆರೆದರೆ ನಮ್ಮ ಸುತ್ತಮುತ್ತ ಡಬ್ಬಿಗಳು ಅಪರೂಪ. ಇನ್ನು ಮಕ್ಕಳು ಬೆಟ್ಟ ಹತ್ತಲ್ಲ, ಅರ್ಧಕ್ಕೇ ಕೂತು ಬಿಡ್ತಾರೆ ಎಂದು ಮನೆಯವರ ವಾದ. ನಮ್ಮ ಮಾವನಂತೂ "ಬೆಟ್ಟದಾಗೆ ಡಬ್ಬಿ ಇಟ್ರೆ ಮಂಗ ಬಿಡ್ತಾವಾ ಅಳಿಯಂದ್ರೆ?" ಎಂದು ಕೇಳಿದ್ದರು. ಈ ಚಳಿಗಾಲದಲ್ಲಿ ಆರು ವರ್ಷದ ಹುಡುಗಿಯೂ ಸೇರಿ ಎಲ್ಲ ಮಕ್ಕಳು ತುದಿ ಮುಟ್ಟಿದರು. ಎಲ್ಲ ಡಬ್ಬಿಯೂ ಸಿಕ್ಕವು. ಅದಕ್ಕೇ ಬರೆಯುತ್ತಿದ್ದೇನೆ.

ಜಾಗದ ವಿಷಯ ಮೊದಲೇ ಹೇಳಿಬಿಡುತ್ತೇನೆ. ಚಿತ್ರದುರ್ಗದ ಕೋಟೆ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ. ಅಲ್ಲಿ ಡಬ್ಬಿ ಇಡುವ ಯೋಚನೆಯೇ ಬೇಡ. ಜೋಗಿಮಟ್ಟಿ ಅರಣ್ಯ, ಅದೂ ಬೇಡ. ಹಾಗಾಗಿ ಷಡ್ಡಕನ ತೋಟದಲ್ಲಿ ಕ್ಯಾಂಪ್, ತೋಟದ ಹಿಂದಿನ ಊರ ಬೆಟ್ಟದಲ್ಲಿ ಆಟ. ಊರಿನ ಹಿರಿಯರನ್ನು ಕೇಳಿಯೇ ಹೋದೆವು. ಮೇಲೆ ಆಂಜನೇಯನ ಗುಡಿ ಇದೆ. ಗುಡಿಯ ಹತ್ತಿರ ಏನೂ ಇಡಲ್ಲ ಎಂದು ಮಾತು ಕೊಟ್ಟಿದ್ದೆ, ಇಡಲಿಲ್ಲ.

ದೊಡ್ಡ ತಲೆನೋವು ಬಂಡೆಗಳದ್ದು. ನಮ್ಮ ಬೆಟ್ಟಗಳೆಲ್ಲ ಗುಂಡು ಬಂಡೆಯ ರಾಶಿ, ಅಲ್ವಾ. ಎರಡು ಬಂಡೆಗಳ ಸಂದಿಯಲ್ಲಿ ನಿಂತರೆ ಉಪಗ್ರಹದ ಸಿಗ್ನಲ್ ಕಲ್ಲಿಗೆ ಬಡಿದು ಸುತ್ತಿಕೊಂಡು ಬರುತ್ತದೆ. ಫೋನ್ 5 ಮೀಟರ್ ಎನ್ನುತ್ತದೆ, ಡಬ್ಬಿ ಇಪ್ಪತ್ತು ಇಪ್ಪತ್ತೈದು ಮೀಟರ್ ಆಚೆ ಇರುತ್ತದೆ. ಹೋದ ವರ್ಷ ಮಕ್ಕಳು ಹುಡುಕಿ ಹುಡುಕಿ ಅಳು ಮುಖ ಮಾಡಿಕೊಂಡು ಇಳಿದದ್ದು ಇದಕ್ಕೇ. ಸುಮಾರು ಆರು ಸಾವಿರ ಕೊಟ್ಟು ಗಾರ್ಮಿನ್ ಇಟ್ರೆಕ್ಸ್ ಎಂಬ ಹಳೇ ಜಿಪಿಎಸ್ ಯಂತ್ರ ತಂದೆ. ಬಯಲಲ್ಲಿ ಚೆನ್ನಾಗಿದೆ, ಸಂದಿಯಲ್ಲಿ ಅದರದ್ದೂ ಅದೇ ಕಥೆ. ದುಡ್ಡಿನಿಂದ ಬಗೆಹರಿಯುವ ಸಮಸ್ಯೆ ಅಲ್ಲ ಇದು.

ಬಗೆಹರಿದದ್ದು ಹೀಗೆ. ಡಬ್ಬಿ ಇರುವ ಕಡೆ ಜಿಪಿಎಸ್ ರೀಡಿಂಗ್ ತೆಗೆಯುವುದನ್ನೇ ಬಿಟ್ಟೆ. ಹತ್ತಿರದ ಬಯಲು ಬಂಡೆಯ ಮೇಲೆ, ಆಕಾಶ ಪೂರ್ತಿ ಕಾಣುವ ಕಡೆ ನಿಂತು ರೀಡಿಂಗ್ ತೆಗೆದೆ. ಬೆಳಿಗ್ಗೆ ಕೆಲವು, ಸಂಜೆ ಕೆಲವು, ಬೇರೆ ದಿನ ಇನ್ನಷ್ಟು. ತೀರಾ ದೂರ ಹೋದದ್ದನ್ನು ಬಿಟ್ಟು ಉಳಿದದ್ದರ ಸರಾಸರಿ. ಆ ಬಂಡೆಯಿಂದ ಡಬ್ಬಿಗೆ ದಿಕ್ಸೂಚಿಯ ಡಿಗ್ರಿ ಮತ್ತು ಹೆಜ್ಜೆ ಲೆಕ್ಕ. ಹೆಜ್ಜೆ ದೊಡ್ಡವರದ್ದಲ್ಲ, ನನ್ನ ಮಗಳದ್ದು. ಮಕ್ಕಳು ಫೋನ್ ಹಿಡಿದು ಬಂಡೆಯವರೆಗೆ ಬಂದರು, ಆಮೇಲೆ ಫೋನ್ ಜೇಬಿಗೆ ಹಾಕಿ ದಿಕ್ಸೂಚಿ ಹಿಡಿದರು. ಆಟದ ರುಚಿ ಹತ್ತಿದ್ದು ಅಲ್ಲೇ.

ಅಕ್ಷಾಂಶ ರೇಖಾಂಶಕ್ಕೆ ಎಲ್ಲರ ಫೋನಲ್ಲೂ ಒಂದೇ ಅಳತೆ ಇಡಿಸಿ. ನಮ್ಮ ಭಾಮೈದ ಅಕ್ಷಾಂಶ 14.05 ಡಿಗ್ರಿ ಎಂದು ಕೊಟ್ಟದ್ದನ್ನು 14 ಡಿಗ್ರಿ 5 ನಿಮಿಷ ಎಂದು ಹಾಕಿಕೊಂಡಿದ್ದ. ಅದು 14 ಡಿಗ್ರಿ 3 ನಿಮಿಷ ಆಗಬೇಕು. ಬಾಣದ ಗುರುತು ಉತ್ತರಕ್ಕೆ ಹತ್ತತ್ತಿರ ನಾಲ್ಕು ಕಿಲೋಮೀಟರ್ ಆಚೆ, ಯಾರದೋ ಮೆಕ್ಕೆಜೋಳದ ಹೊಲ ತೋರಿಸುತ್ತಿತ್ತು.

ಇನ್ನು ಡಬ್ಬಿ. ನಾನು ಹಿಂದಿನ ವಾರವೇ ಇಟ್ಟು ಬರುತ್ತೇನೆ, ಹಾಗಾಗಿ ಬಿಸಿಲು ಮಳೆ ತಡೆಯಬೇಕು. ಸ್ವೀಟ್ ಅಂಗಡಿಯ ಪ್ಲಾಸ್ಟಿಕ್ ಡಬ್ಬಿ ಬಂಡೆಯ ಕಾವಿಗೆ ಸೀಳಿತು. ಸ್ಟೀಲ್ ಡಬ್ಬಿ ಹೊಳೆದು ಕುರಿ ಕಾಯುವ ಹುಡುಗರಿಗೆ ಸಿಕ್ಕಿತು. ಉಪ್ಪಿನಕಾಯಿ ಭರಣಿ ಎಷ್ಟು ತೊಳೆದರೂ ವಾಸನೆ ಹೋಗಲಿಲ್ಲ, ಮಂಗ ಎತ್ತಿಕೊಂಡು ಹೋಯಿತು. ಇವಕ್ಕೇ ಸಾವಿರದ ಐನೂರು ಹೋಗಿರಬೇಕು. ಈಗ ಮುಚ್ಚಳಕ್ಕೆ ರಬ್ಬರ್ ಇರುವ, ನಾಲ್ಕೂ ಕಡೆ ಕ್ಲಿಪ್ ಬೀಳುವ ಡಬ್ಬಿ, ಒಂದಕ್ಕೆ ನೂರು ನೂರಿಪ್ಪತ್ತು. ಹೊರಗೆ ಬೂದು ಬಣ್ಣ. ಒಳಗೆ ತಿನ್ನುವುದು ಏನೂ ಬೇಡ, ಸೋಪಿನ ವಾಸನೆ ಕೂಡ ಬೇಡ. ಮಂಗಗಳ ವಿಷಯದಲ್ಲಿ ನಾನು ಇನ್ನೊಂದು ಕೆಲಸ ಮಾಡುತ್ತೇನೆ, ಅದನ್ನು ಸದ್ಯಕ್ಕೆ ಇಲ್ಲಿ ಹೇಳಲ್ಲ. ಈ ಸಲ ಒಂದು ಡಬ್ಬಿಯನ್ನೂ ಅವು ಮುಟ್ಟಿಲ್ಲ ಎಂದಷ್ಟೇ ಹೇಳಬಲ್ಲೆ.

ನಡುವೆ ಕಾಗದದ ಪ್ರಯೋಗವೂ ಆಯಿತು. ಒಂದು ಡಬ್ಬಿಯಲ್ಲಿ ಜೆಲ್ ಪೆನ್, ಒಂದರಲ್ಲಿ ಪೆನ್ಸಿಲ್‌ನಿಂದ ಹೆಸರು ಬರೆದಿಟ್ಟು ಬೇಕಂತಲೇ ಒದ್ದೆ ಮಾಡಿದೆ. ಜೆಲ್ ಪೂರ್ತಿ ಹರಡಿತು. ಪೆನ್ಸಿಲ್ ಬರಹ ಹಾಗೇ ಇತ್ತು. ಡಬ್ಬಿ ಸಿಕ್ಕವರು ಹೆಸರು ಬರೆಯುವ ಲಾಗ್ ಪುಸ್ತಕಕ್ಕೆ ಪೆನ್ಸಿಲ್ಲೇ ಸರಿ.

ಆದರೆ ಮಕ್ಕಳನ್ನು ತುದಿಗೆ ಮುಟ್ಟಿಸಿದ್ದು ಇದ್ಯಾವುದೂ ಅಲ್ಲ, ಡಬ್ಬಿಗಳ ನಡುವಿನ ಅಂತರ. ಮೊದಲು ಎಲ್ಲವನ್ನೂ ಸಮ ದೂರದಲ್ಲಿ ಇಡುತ್ತಿದ್ದೆ. ಏರು ಬಂದ ಕೂಡಲೇ ಮಕ್ಕಳು ಕೂರುತ್ತಿದ್ದರು. ಈ ಸಲ ಕೆಳಗೆ ಮುನ್ನೂರು ಮೀಟರ್, ನಡುವೆ ನೂರೈವತ್ತು, ಕಡಿದಾದ ಕಡೆ ಅರವತ್ತು ಎಪ್ಪತ್ತು. ಸುಸ್ತಾಗುವಷ್ಟರಲ್ಲಿ ಮುಂದಿನ ಡಬ್ಬಿ ಬಂದಿರುತ್ತದೆ. ಡಬ್ಬಿಗಳನ್ನು ನೋಂದಾಯಿಸುವ ಜಾಲತಾಣ ಜಿಯೋಕ್ಯಾಶಿಂಗ್ ಡಾಟ್ ಕಾಮ್ ನಿಯಮದಲ್ಲಿ ಎರಡು ಡಬ್ಬಿ ನಡುವೆ ಕನಿಷ್ಠ 161 ಮೀಟರ್ ಇರಬೇಕು. ನಮ್ಮದು ಮನೆಯವರ ಆಟ, ಅಲ್ಲಿ ಹಾಕಿಲ್ಲ, ಇಳಿಯುವಾಗ ಎಲ್ಲವನ್ನೂ ತೆಗೆದುಕೊಂಡೇ ಬರುತ್ತೇವೆ. ಹಾಗಾಗಿ ನಡೆಯುತ್ತದೆ.

ಕ್ಯಾಂಪ್ ಬಗ್ಗೆ ಸ್ವಲ್ಪ. ಅಡಿಕೆ ಮರದ ಕೆಳಗೆ ಟೆಂಟ್ ಬೇಡ, ಒಣ ಸೋಗೆ ಬಿದ್ದರೆ ಬಟ್ಟೆ ಹರಿಯುತ್ತದೆ, ತಲೆಗೂ ಪೆಟ್ಟು. ನಾವು ಕಣದಲ್ಲಿ ಹಾಕಿದೆವು. ಐದು ಸಾವಿರದ ಟೆಂಟಿನ ಜಿಪ್ ಎರಡನೇ ರಾತ್ರಿಗೇ ಕೈಕೊಟ್ಟಿತು, ಅಂಗಡಿಯವರು ವಾಪಸ್ ತೆಗೆದುಕೊಳ್ಳಲಿಲ್ಲ. ಊರ ದರ್ಜಿ ಎಂಬತ್ತು ರೂಪಾಯಿಗೆ ದಪ್ಪ ಜಿಪ್ ಹಾಕಿಕೊಟ್ಟರು, ಈಗ ಗಟ್ಟಿಯಾಗಿದೆ. ದೀಪ ಹಳದಿಯದ್ದೇ ಇರಲಿ, ಬಿಳಿ ಎಲ್‌ಇಡಿಗೆ ಹುಳ ಜಾಸ್ತಿ. ಊಟಕ್ಕೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ. ಸಂಜೆಗೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ, ಅದನ್ನು ಅತ್ತೆ ಒಲೆ ಮೇಲೆ ಮಾಡಿಕೊಟ್ಟರು.

ಕರಡಿ ಇರುವ ಸೀಮೆ ನಮ್ಮದು. ಅವು ಓಡಾಡುವುದು ಕತ್ತಲಲ್ಲಿ, ಸಂಜೆ, ನಸುಕಿನಲ್ಲಿ. ಅದಕ್ಕೆ ಚೆನ್ನಾಗಿ ಬೆಳಕು ಹರಿದ ಮೇಲೇ, ಏಳರ ಸುಮಾರಿಗೆ ಹತ್ತಲು ಶುರು, ಹನ್ನೊಂದಕ್ಕೆ ಕೆಳಗೆ. ಗುಹೆಯಂಥ ಸಂದಿಗೆ ಡಬ್ಬಿ ಇಡುವುದೇ ಇಲ್ಲ. ಸಂಜೆ ಆಟ ಬೇಕೆಂದು ಮಕ್ಕಳು ಹಟ ಹಿಡಿದರೆ ತೋಟದ ಬದುವಿನಲ್ಲೇ ಎರಡು ಡಬ್ಬಿ ಇಟ್ಟು ಕೊಡುತ್ತೇನೆ.

ಎಲ್ಲ ಸೇರಿ ಇಲ್ಲಿಯವರೆಗೆ ಹದಿನಾಲ್ಕು ಹದಿನೈದು ಸಾವಿರ ಹೋಗಿರಬಹುದು. ಈಗ ಸಾಮಾನು ಇದೆ. ಏಳು ಜನಕ್ಕೆ ಪೆಟ್ರೋಲ್, ದಿನಸಿ ಸೇರಿ ಒಂದು ವಾರಾಂತ್ಯಕ್ಕೆ ಎರಡು ಸಾವಿರದೊಳಗೆ ಮುಗಿಯುತ್ತದೆ. ಮುಂದಿನ ಸಲ ಮಾವ ತಾವೇ ಒಂದು ಡಬ್ಬಿ ಇಡುತ್ತೇನೆ ಎಂದಿದ್ದಾರೆ. ಜಾಗ ನನಗೂ ಹೇಳಲ್ಲವಂತೆ.