ವಿಂಡೋಸ್ 11ರಿಂದ 10ಕ್ಕೆ ವಾಪಸ್: ಇನ್‌ಸ್ಟಾಲರ್‌ಗೆ ಡಿಸ್ಕೇ ಕಾಣದಿದ್ದರೆ

ಹಳೆ ಸ್ಕ್ಯಾನರ್‌ಗೋಸ್ಕರ ಮನೆಯ ಕಂಪ್ಯೂಟರಿಗೆ (11ನೇ ತಲೆಮಾರಿನ ಇಂಟೆಲ್) ಮತ್ತೆ ವಿಂಡೋಸ್ 10 ಹಾಕಬೇಕಿತ್ತು. ಸೆಟ್ಟಿಂಗ್ಸ್‌ನ 'ಗೋ ಬ್ಯಾಕ್' ಬಟನ್ ಒತ್ತಲು ಬರುತ್ತಿರಲಿಲ್ಲ. ಅಪ್‌ಗ್ರೇಡ್ ಆಗಿ 10 ದಿನ ದಾಟಿದರೆ ಅದರ ಕಥೆ ಅಷ್ಟೇ. ಪೆನ್‌ಡ್ರೈವ್‌ನಿಂದ ಬೂಟ್ ಮಾಡಿದರೆ ಡಿಸ್ಕ್ ಆರಿಸುವ ಪಟ್ಟಿಯೇ ಖಾಲಿ. ಪೆನ್‌ಡ್ರೈವ್ ಮತ್ತೆ ತಯಾರಿಸಿದೆ, ಪೋರ್ಟ್ ಬದಲಿಸಿದೆ, ಸೆಕ್ಯೂರ್ ಬೂಟ್ ಆಫ್ ಮಾಡಿದೆ. ಊಹೂಂ.

ಅಡ್ಡ ನಿಂತಿದ್ದು ವಿಎಂಡಿ, ಅಂದರೆ ಡಿಸ್ಕುಗಳನ್ನು ನಿರ್ವಹಿಸುವ ಇಂಟೆಲ್‌ನ ವ್ಯವಸ್ಥೆ. ಅದರ ಡ್ರೈವರ್ 10ರ ಇನ್‌ಸ್ಟಾಲರ್‌ನಲ್ಲಿ ಇಲ್ಲ. ಮೊದಲು ಫೈಲುಗಳನ್ನೆಲ್ಲ ಹೊರಗಿನ ಡಿಸ್ಕಿಗೆ ಕಾಪಿ ಮಾಡಿ. ಆಮೇಲೆ ಕಂಪ್ಯೂಟರ್ ಆನ್ ಆಗುವಾಗ ತೆರೆಯುವ ಸೆಟಪ್ ಆದ ಬಯಾಸ್‌ನ ಅಡ್ವಾನ್ಸ್ಡ್ ಮೆನುವಿನಲ್ಲಿ 'ವಿಎಂಡಿ ಕಂಟ್ರೋಲರ್' ಹುಡುಕಿ ಡಿಸೇಬಲ್ ಮಾಡಿ, ಸೇವ್ ಮಾಡಿ, ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ. ವಿಂಡೋಸ್‌ನ ಪ್ರಾಡಕ್ಟ್ ಕೀ ಕೇಳಿದಾಗ 'ನನ್ನ ಬಳಿ ಕೀ ಇಲ್ಲ' ಒತ್ತಿ, ಮೊದಲಿದ್ದ ಎಡಿಷನ್ನೇ ಆರಿಸಿ (ಹೋಮ್ ಇದ್ದರೆ ಹೋಮ್). ಮುಂದೆ 'ಕಸ್ಟಮ್'. ಈಗ ಡಿಸ್ಕ್ ಕಾಣಿಸುತ್ತದೆ. ನೆಟ್ ಸಿಕ್ಕ ಮೇಲೆ ತಾನಾಗೇ ಆಕ್ಟಿವೇಟ್ ಆಯಿತು. ಆಮೇಲೆ ಸುಮ್ನೆ ವಿಎಂಡಿ ಆನ್ ಮಾಡಲು ಹೋಗಬೇಡಿ, ನೀಲಿ ಪರದೆ ಬರುತ್ತದೆ.