ಜಾರ್ಜಿಯನ್ ಕ್ರಿಯಾವಿಶೇಷಣಕ್ಕೆ ನಮ್ಮ ‘ಆಗಿ’ಯ ನೆರವು

ಜಾರ್ಜಿಯನ್ ಕಲಿಯುತ್ತಿರುವವರು ಗುಣವಾಚಕದ ಕೊನೆಯ ‘ಇ’ಕಾರವನ್ನು ತೆಗೆದು ‘ಆದ್’ ಸೇರಿಸಿದರೆ ಬಹುಪಾಲು ಕ್ರಿಯಾವಿಶೇಷಣಗಳು ಸಿದ್ಧವಾಗುತ್ತವೆ. ‘ಲಮಾಜಿ’ (ಸುಂದರ) ‘ಲಮಾಜಾದ್’ ಆಗುತ್ತದೆ, ‘ಚುಮಿ’ (ಮೌನ) ‘ಚುಮಾದ್’ ಆಗುತ್ತದೆ. ಇದು ಮೂಲತಃ ವಿಭಕ್ತಿ ಪ್ರತ್ಯಯವಾದ್ದರಿಂದ ನಾಮಪದಕ್ಕೂ ಹತ್ತುತ್ತದೆ: ‘ಎಕಿಮಾದ್ ಮುಶಾಓಬ್ಸ್’ ಎಂದರೆ ‘ವೈದ್ಯರಾಗಿ ಕೆಲಸ ಮಾಡುತ್ತಾರೆ’ ಎಂದರ್ಥ. ಸುಂದರವಾಗಿ, ವೈದ್ಯರಾಗಿ ಎಂಬೆರಡಕ್ಕೂ ಒಂದೇ ‘ಆಗಿ’ಯನ್ನು ಬಳಸುವ ಕನ್ನಡಿಗರಿಗೆ ಈ ಜೋಡಣೆ ನಿಜಕ್ಕೂ ಸುಲಭ. ಆದರೆ ಹೋಲಿಕೆ ಎಲ್ಲೆಡೆ ನಿಲ್ಲುವುದಿಲ್ಲ. ನಾವು ‘ಅಲ್ಲಿ’ ಬಳಸಿ ‘ಜಾರ್ಜಿಯನ್ ಭಾಷೆಯಲ್ಲಿ’ ಎನ್ನುವಾಗಲೂ ಜಾರ್ಜಿಯನ್ನರು ‘ಆದ್’ ಸೇರಿಸಿ ‘ಕಾರ್ತುಲಾದ್’ ಎಂದೇ ಹೇಳುತ್ತಾರೆ. ‘ನೇಲಾ’ (ನಿಧಾನವಾಗಿ), ‘ಚ್ಕಾರಾ’ (ಬೇಗ) ಮೊದಲಾದವುಗಳಲ್ಲಿ ಕೊನೆಯ ‘ದ್’ ಇರುವುದಿಲ್ಲ, ‘ದ್ಘೆಸ್’ (ಇಂದು), ‘ಖ್ವಾಲ್’ (ನಾಳೆ) ಮುಂತಾದ ಕಾಲವಾಚಕಗಳಂತೂ ಈ ನಿಯಮಕ್ಕೆ ಒಳಪಡುವುದೇ ಇಲ್ಲ. ಇವನ್ನು ಬಾಯಿಪಾಠ ಮಾಡಿಕೊಳ್ಳಬೇಕು.