ಇದ್ದ ಸರ್ವರಿನಲ್ಲೇ ಕನೆಕ್ಷನ್ ಲೀಕ್ ನಿಲ್ಲಿಸಿದೆ: ನನ್ನ ಅನುಭವ

ದಾವಣಗೆರೆ ಎಪಿಎಂಸಿ ಯಾರ್ಡಿನಲ್ಲಿ ನಲವತ್ತಕ್ಕೂ ಹೆಚ್ಚು ದಲ್ಲಾಳಿ ಅಂಗಡಿಗಳ ಲೆಕ್ಕದ ಸಾಫ್ಟ್‌ವೇರ್ ನನ್ನ ಕೈಯಲ್ಲಿದೆ. ಪೈಥಾನ್ ಭಾಷೆ, ಫ್ಲಾಸ್ಕ್ ವೆಬ್ ಫ್ರೇಮ್‌ವರ್ಕ್, ಪೋಸ್ಟ್‌ಗ್ರೆಸ್ ಡೇಟಾಬೇಸ್, 4 ಜಿಬಿ ರ‍್ಯಾಮಿನ ಒಂದೇ ಸರ್ವರ್. ಡೇಟಾಬೇಸಿಗೆ ತೆರೆದ ಕನೆಕ್ಷನ್‌ಗಳು ಕೆಲಸ ಮುಗಿದರೂ ಮುಚ್ಚದೆ ಉಳಿದು (ಇದೇ ಕನೆಕ್ಷನ್ ಲೀಕ್) ಮೊದಲೆಲ್ಲ ನಿಂತುಹೋಗುತ್ತಿತ್ತು. ಕಳೆದ ಮೆಕ್ಕೆಜೋಳದ ಸೀಸನ್ ಪೂರ್ತಿ ಒಂದು ಸಲವೂ ರೀಸ್ಟಾರ್ಟ್ ಮಾಡದೆ ಓಡಿತು. ಬೆಂಗಳೂರಿನ ಗೆಳೆಯರು ಮಾತ್ರ, "ಈ ಸರ್ವರಿನಲ್ಲಿ ಲೀಕ್ ನಿಲ್ಲಿಸೋಕೆ ಆಗೋದೇ ಇಲ್ಲ ಗುರು, ಸರ್ವರ್ ದೊಡ್ಡದು ತಗೋ, ಇಲ್ಲಾಂದ್ರೆ ಎಲ್ಲಾ ಗೋ ಭಾಷೆಯಲ್ಲಿ ಬರಿ" ಅಂತ ಪಟ್ಟು ಹಿಡಿದಿದ್ದರು. ಈಗ ಅವರೇ ಹೇಗೆ ಮಾಡಿದೆ ಅಂತ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಕೋಡ್ ನನ್ನದಲ್ಲ, ಹಿಂದೆ ಯಾರೋ ಬರೆದು ಬಿಟ್ಟುಹೋದದ್ದು. ಬೇರೆ ದಿನಗಳಲ್ಲಿ ಚೆನ್ನಾಗೇ ಇರುತ್ತಿತ್ತು. ಜೋಳದ ಆವಕ ಶುರುವಾದರೆ ಟೆಂಡರ್ ಮುಗಿದ ಕೂಡಲೇ ಎಲ್ಲಾ ಅಂಗಡಿಯವರೂ ಒಟ್ಟಿಗೇ ಪಟ್ಟಿ (ರೈತನ ಮಾಲಿನ ಲೆಕ್ಕದ ಚೀಟಿ) ಹೊಡೆಯೋಕೆ ಕೂರುತ್ತಾರೆ. ಆಗ ಗುಮಾಸ್ತರ ಫೋನ್: "ಸಾರ್, ಮತ್ತೆ ಸುತ್ತಾಕತ್ತೈತಿ ನೋಡ್ರಿ." ಲಾಗ್ ತೆರೆದರೆ ಪೋಸ್ಟ್‌ಗ್ರೆಸ್ಸಿನ ಸಾಲು, 'ಸಾರಿ, ಟೂ ಮೆನಿ ಕ್ಲೈಂಟ್ಸ್ ಆಲ್ರೆಡಿ', ಅಂದರೆ ಇನ್ನೊಂದು ಕನೆಕ್ಷನ್‌ಗೆ ಜಾಗ ಇಲ್ಲ. ಕನೆಕ್ಷನ್‌ಗಳ ಮಿತಿ 100. ಅಷ್ಟೂ ತುಂಬಿದರೆ ಕಥೆ ಮುಗೀತು.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದ್ದಾಯಿತು. ಮಿತಿಯನ್ನು 400ಕ್ಕೆ ಏರಿಸಿದೆ. ಪೋಸ್ಟ್‌ಗ್ರೆಸ್ಸಿನಲ್ಲಿ ಒಂದೊಂದು ಕನೆಕ್ಷನ್ ಅಂದರೆ ಒಂದೊಂದು ಪ್ರೋಸೆಸ್. ರ‍್ಯಾಮ್ ತುಂಬಿ ಲಿನಕ್ಸ್ ಅದರಲ್ಲಿ ಒಂದನ್ನು ಕೊಂದಿತು. ಹಾಗೆ ಒಂದು ಸತ್ತರೆ ಪೋಸ್ಟ್‌ಗ್ರೆಸ್ ಉಳಿದ ಎಲ್ಲಾ ಕನೆಕ್ಷನ್‌ಗಳನ್ನೂ ಕಡಿದು ರಿಕವರಿಗೆ ಹೋಗುತ್ತದೆ. ಮೊದಲು ನಾಲ್ಕು ಅಂಗಡಿ ನಿಲ್ಲುತ್ತಿದ್ದವು, ಅವತ್ತು ಇಡೀ ಯಾರ್ಡೇ ನಿಂತಿತು. ಆಮೇಲೆ 8 ಜಿಬಿ ಸರ್ವರ್. ಬಾಡಿಗೆ ತಿಂಗಳಿಗೆ 1,800ರ ಹತ್ತಿರ ಇದ್ದದ್ದು ಡಬಲ್ ಆಯಿತು. ಮಧ್ಯಾಹ್ನ 2ಕ್ಕೆ ನಿಲ್ಲುತ್ತಿದ್ದದ್ದು ಸಂಜೆ 5ಕ್ಕೆ ನಿಲ್ಲತೊಡಗಿತು, ಅಷ್ಟೇ ಲಾಭ.

ಮೂರನೆಯದು ಕ್ರಾನ್, ಅಂದರೆ ಹೊತ್ತು ಹೊತ್ತಿಗೆ ತಾನೇ ಓಡುವ ಕೆಲಸ. ಹತ್ತು ನಿಮಿಷಕ್ಕೊಮ್ಮೆ 'ಐಡಲ್ ಇನ್ ಟ್ರಾನ್ಸಾಕ್ಷನ್' (ಶುರು ಮಾಡಿದ ಬರವಣಿಗೆ ಮುಗಿಸದೆ ಸುಮ್ಮನೆ) ಅಂತ ಕೂತ ಕನೆಕ್ಷನ್‌ಗಳನ್ನೆಲ್ಲ ಕಡಿ ಅಂತ ಒಂದು ಸ್ಕ್ರಿಪ್ಟ್. ಎರಡು ದಿನ ಆರಾಮ. ಮೂರನೇ ದಿನ ಸಾವ್ಕಾರ್ರೊಬ್ಬರು ಅಂಗಡಿಗೆ ಕರೆಸಿ ಚೆನ್ನಾಗಿ ಬೈದರು. ರೈತನ ಮೊಬೈಲಿಗೆ ಇಷ್ಟು ಕ್ವಿಂಟಾಲ್, ಇಷ್ಟು ರೂಪಾಯಿ ಅಂತ ಮೆಸೇಜ್ ಹೋಗಿದೆ. ಲೆಕ್ಕದಲ್ಲಿ ಪಟ್ಟಿಯೇ ಇಲ್ಲ! ರೈತ ಫೋನ್ ಹಿಡಿದು ಎದುರಿಗೇ ನಿಂತಿದ್ದಾನೆ.

ಬೈಸಿಕೊಂಡರೂ ದಾರಿ ಅಲ್ಲೇ ಸಿಕ್ಕಿತು. ಮೆಸೇಜ್ ಹೋಗಿ ಪಟ್ಟಿ ಉಳಿದಿಲ್ಲ ಅಂದರೆ, ಕಮಿಟ್ (ಡೇಟಾಬೇಸಿನಲ್ಲಿ ಖಾಯಂ ಉಳಿಸುವುದು) ಆಗುವ ಮೊದಲೇ ಎಸ್ಎಂಎಸ್ ಕಳಿಸುತ್ತಿದೆ ಅಂತ ತಾನೆ? ಅಂದರೆ ಎಸ್ಎಂಎಸ್ ಕಳಿಸುವ ಗೇಟ್‌ವೇ ಉತ್ತರ ಕೊಡುವವರೆಗೂ ಕನೆಕ್ಷನ್ ಹಿಡಿದುಕೊಂಡು ಸುಮ್ನೆ ಕೂತಿರುತ್ತದೆ.

ಗಟ್ಟಿ ಮಾಡಿಕೊಳ್ಳೋಕೆ ಒಂದೊಂದು ಸ್ಕ್ರೀನಿನಿಂದ ತೆರೆಯುವ ಕನೆಕ್ಷನ್‌ಗೂ ಅಪ್ಲಿಕೇಶನ್ ನೇಮ್ ಕೊಟ್ಟೆ: 'ಪಟ್ಟಿ', 'ಖಾತೆ', 'ಹಮಾಲಿ', ಹೀಗೆ. ತೆರೆದಿರುವ ಕನೆಕ್ಷನ್‌ಗಳನ್ನು ತೋರಿಸುವ ಪಿಜಿ-ಸ್ಟ್ಯಾಟ್-ಆಕ್ಟಿವಿಟಿಯಲ್ಲಿ ಹೆಸರುವಾರು ಎಣಿಸಿದೆ. ಎಂಬತ್ತರ ಹತ್ತಿರ ಬರೀ 'ಪಟ್ಟಿ'. ಇದಕ್ಕೆ ಹತ್ತು ನಿಮಿಷದ ಕೆಲಸ, ಪೈಸೆ ಖರ್ಚಿಲ್ಲ. ಲೀಕ್ ಇದೆ ಅನ್ನುವವರಿಗೆಲ್ಲ ನಾನು ಮೊದಲು ಇದನ್ನೇ ಹೇಳುವುದು.

ಪಟ್ಟಿ ಕೋಡಿನಲ್ಲಿ ಕನೆಕ್ಷನ್ ಮುಚ್ಚುವ ಕ್ಲೋಸ್ ಕೊನೇ ಸಾಲಿನಲ್ಲಿತ್ತು. ಗೇಟ್‌ವೇ ಟೈಮ್‌ಔಟ್ ಆದರೆ ಎಕ್ಸೆಪ್ಷನ್, ಆ ಸಾಲಿಗೆ ಬರುವುದೇ ಇಲ್ಲ. ಫಂಕ್ಷನ್ ಮುಗಿದರೆ ರೆಫರೆನ್ಸ್ ಹೋಗಿ ತಾನೇ ಮುಚ್ಚಬೇಕಲ್ಲ ಅಂತೀರಾ? ಹಿಂದಿನವರು ಎರರ್ ಪೇಜಿಗೆ ಅಂತ ಎಲ್ಲಾ ಎಕ್ಸೆಪ್ಷನ್‌ಗಳನ್ನೂ ಒಂದು ಗ್ಲೋಬಲ್ ಲಿಸ್ಟಿನಲ್ಲಿ ತುಂಬಿಟ್ಟಿದ್ದರು. ಎಕ್ಸೆಪ್ಷನ್ ಟ್ರೇಸ್‌ಬ್ಯಾಕನ್ನು ಹಿಡಿದಿರುತ್ತದೆ, ಟ್ರೇಸ್‌ಬ್ಯಾಕ್ ಫ್ರೇಮನ್ನು, ಫ್ರೇಮ್ ಕನೆಕ್ಷನ್ನನ್ನು. ಒಂದೂ ಸಾಯುವುದಿಲ್ಲ.

'ವಿತ್ ಹಾಕಿಬಿಡು', ಅಂದರೆ ಮುಗಿದಾಗ ತಾನೇ ಸ್ವಚ್ಛ ಮಾಡುವ ಪೈಥಾನಿನ ಬ್ಲಾಕ್ ಬಳಸು ಅಂತ ಸಲಹೆ ಬಂತು. ಪೈಥಾನಿಗೂ ಪೋಸ್ಟ್‌ಗ್ರೆಸ್ಸಿಗೂ ನಡುವಿನ ಲೈಬ್ರರಿಯಾದ ಸೈಕೋಪಿಜಿ2ನಲ್ಲಿ ಕನೆಕ್ಷನ್ ಮೇಲೆ ವಿತ್ ಹಾಕಿದರೆ ಕಮಿಟ್ ಇಲ್ಲವೇ ರೋಲ್‌ಬ್ಯಾಕ್ (ಬರೆದದ್ದು ರದ್ದು) ಆಗುತ್ತದೆ, ಕನೆಕ್ಷನ್ ಮುಚ್ಚುವುದಿಲ್ಲ. ಹಾಕಿ ತೋರಿಸಿದೆ. 'ಐಡಲ್ ಇನ್ ಟ್ರಾನ್ಸಾಕ್ಷನ್' ಇದ್ದದ್ದು ಬರೀ 'ಐಡಲ್' ಆಯಿತು. ಸಂಖ್ಯೆ ಇಳಿಯಲಿಲ್ಲ.

ಕೊನೆಗೆ ಮಾಡಿದ್ದು ಇಷ್ಟು. ಕನೆಕ್ಷನ್ ಕೊಡುವ ಒಂದೇ ಫಂಕ್ಷನ್, ಕಾಂಟೆಕ್ಸ್ಟ್ ಮ್ಯಾನೇಜರ್ (ವಿತ್ ಜೊತೆ ಬಳಸುವಂಥದ್ದು) ಮಾಡಿ. ಪೂಲಿನಿಂದ (ತೆರೆದಿಟ್ಟ ಕನೆಕ್ಷನ್‌ಗಳ ಸಂಗ್ರಹ) ತೆಗೆ, ಯೀಲ್ಡ್ ಮಾಡು (ಕೇಳಿದ ಕೋಡಿಗೆ ಕೊಡು), ಕೆಟ್ಟರೆ ರೋಲ್‌ಬ್ಯಾಕ್, ಫೈನಲಿಯಲ್ಲಿ ಪೂಲಿಗೆ ವಾಪಸ್. ಬೇರೆ ಯಾವ ಫೈಲಿನಲ್ಲಿ 'ಕನೆಕ್ಟ್' ಕರೆ ಕಂಡರೂ ಕೋಡ್ ಉಳಿಸುವ ಗಿಟ್ ಕಮಿಟ್ಟೇ ಆಗದ ಹಾಗೆ ತಡೆ (ಹುಕ್) ಹಾಕಿದ್ದೇನೆ. ಎಸ್ಎಂಎಸ್ ಕಳಿಸುವುದನ್ನು ಪೂರ್ತಿ ಹೊರಗೆ ಹಾಕಿದೆ. ಪಟ್ಟಿಯ ಜೊತೆಗೇ ಒಂದು ಟೇಬಲ್ಲಿಗೆ ಮೆಸೇಜಿನ ಸಾಲು ಬರೆದು ಕಮಿಟ್, ಕನೆಕ್ಷನ್ ವಾಪಸ್. ಕಳಿಸುವುದು ಹಿನ್ನೆಲೆಯಲ್ಲಿ ಓಡುವ ಬೇರೆ ವರ್ಕರ್. ಐದಾರು ಸೆಕೆಂಡ್ ಹಿಡಿದಿರುತ್ತಿದ್ದ ಕನೆಕ್ಷನ್ ಈಗ ಕಣ್ಣು ಮಿಟುಕಿಸುವುದರೊಳಗೆ ವಾಪಸ್.

ಸೈಕೋಪಿಜಿ2ರ ಪೂಲಿಗೆ ಕಾಯುವ ಬುದ್ಧಿ ಇಲ್ಲ. ಖಾಲಿಯಾದರೆ ತಕ್ಷಣ ಎರರ್ ಎಸೆಯುತ್ತದೆ. ಅದಕ್ಕೆ ಮುಂದೆ ಒಂದು ಸೆಮಾಫೋರ್ ಕೂರಿಸಿದೆ, ಒಮ್ಮೆಗೆ ಇಷ್ಟೇ ಜನ ಅಂತ ಒಳಗೆ ಬಿಟ್ಟು ಉಳಿದವರನ್ನು ಕಾಯಿಸುವ ಗೇಟು. ಎಷ್ಟು ಕಾಯಿಸಬೇಕು, ಯಾವ ಸ್ಕ್ರೀನಿಗೆ ಮೊದಲು ಬಿಡಬೇಕು ಅನ್ನುವ ಲೆಕ್ಕ ನನ್ನ ಹತ್ತಿರವೇ ಇರಲಿ, ಹೊಟ್ಟೆಪಾಡು. ಪೂಲನ್ನು ವೆಬ್ ಸರ್ವರಿನ ವರ್ಕರ್ ಪ್ರೋಸೆಸ್ ಫೋರ್ಕ್ ಆಗಿ (ಕವಲೊಡೆದು) ಬೇರೆಯಾದ ಮೇಲೇ ಕಟ್ಟಿ. ಮೊದಲೇ ಕಟ್ಟಿದರೆ ಒಂದೇ ಸಾಕೆಟ್ಟಿಗೆ ಇಬ್ಬರು ಕೈ ಹಾಕುತ್ತಾರೆ.

ಗೆಳೆಯರ ಮಾತಿಗೂ ಮರ್ಯಾದೆ ಕೊಡೋಣ ಅಂತ ಆ ಎಸ್ಎಂಎಸ್ ವರ್ಕರನ್ನು ಒಂದು ಭಾನುವಾರ ಗೋನಲ್ಲೂ ಬರೆದು ನೋಡಿದೆ. ಪಟ್ಟಿಯ ಪಿಡಿಎಫ್ ತೆರೆದು ಲೂಪಿನೊಳಗೇ ಡಿಫರ್ ಕ್ಲೋಸ್ (ಆಮೇಲೆ ಮುಚ್ಚು ಅಂತ ಹೇಳಿಡುವುದು). ಡಿಫರ್ ಓಡುವುದು ಲೂಪಿನ ಸುತ್ತು ಮುಗಿದಾಗ ಅಲ್ಲ, ಫಂಕ್ಷನ್ ಮುಗಿದಾಗ. ತೆರೆದ ಫೈಲ್‌ಗಳು ಮಿತಿ ದಾಟುವಷ್ಟರಲ್ಲಿ 'ಟೂ ಮೆನಿ ಓಪನ್ ಫೈಲ್ಸ್'. ಲೂಪಿನ ಒಳಗಿನದನ್ನು ಬೇರೆ ಫಂಕ್ಷನ್ ಮಾಡಿದರೆ ಸರಿಹೋಗುತ್ತದೆ. ಆದರೆ ಭಾಷೆ ಬದಲಿಸಿದರೆ ಲೀಕ್ ಹೋಗುತ್ತದೆ ಅನ್ನುವ ಮಾತು ಅಲ್ಲಿಗೇ ಬಿತ್ತು. ಪೋಸ್ಟ್‌ಗ್ರೆಸ್ ಮುಂದೆ ಕೂತು ಕನೆಕ್ಷನ್‌ಗಳನ್ನು ಹಂಚುವ ಪಿಜಿಬೌನ್ಸರನ್ನೂ ಟೆಸ್ಟ್ ಸರ್ವರಿನಲ್ಲಿ ನೋಡಿದೆ. ಒಂದೇ ನಂಬರ್ ಇಬ್ಬರಿಗೆ ಹೋಗದಂತೆ ಪಟ್ಟಿ ನಂಬರಿಗೆ ಸೆಷನ್ ಮಟ್ಟದ (ಕನೆಕ್ಷನ್ ಇರುವಷ್ಟು ಹೊತ್ತು ಹಿಡಿಯುವ) ಅಡ್ವೈಸರಿ ಲಾಕ್ ಇತ್ತು. ಟ್ರಾನ್ಸಾಕ್ಷನ್ ಮುಗಿದ ಕೂಡಲೇ ಕನೆಕ್ಷನ್ ಬೇರೆಯವರಿಗೆ ಕೊಡುವ ಟ್ರಾನ್ಸಾಕ್ಷನ್ ಮೋಡಿನಲ್ಲಿ ಅದು ನಡೆಯಲ್ಲ. ಎರಡು ಪಟ್ಟಿಗೆ ಒಂದೇ ನಂಬರ್ ಬಂತು, ಕೈಬಿಟ್ಟೆ.

ಈಗ ಭರ್ತಿ ಸಂತೆಯ ಹೊತ್ತಲ್ಲೂ ಹದಿನೈದರ ಮೇಲೆ ಕನೆಕ್ಷನ್ ಕಂಡಿಲ್ಲ. 4 ಜಿಬಿಗೆ ವಾಪಸ್ ಬಂದೆ, ವರ್ಷಕ್ಕೆ ಇಪ್ಪತ್ತು ಸಾವಿರದಷ್ಟು ಉಳಿತಾಯ. ಸಾವ್ಕಾರ್ರಿಗೆ ಹೇಳಿಲ್ಲ, ಹೇಳಿದರೆ ಸಾಫ್ಟ್‌ವೇರ್ ಬಾಡಿಗೆ ಇಳಿಸು ಅಂತಾರೆ.

ಮುಂದಿನ ಸೀಸನ್ನಿಗೆ ಸೈಕೋಪಿಜಿ 3ಕ್ಕೆ ಹೋಗುವ ಯೋಚನೆ ಇದೆ. ಅಲ್ಲಿ ಕನೆಕ್ಷನ್ ಮೇಲಿನ ವಿತ್ ನಿಜವಾಗಿಯೂ ಮುಚ್ಚುತ್ತದೆ, ಹಳೇ ಅಭ್ಯಾಸದಲ್ಲಿ ಎಲ್ಲೆಂದರಲ್ಲಿ ವಿತ್ ಹಾಕಿದವರು ನೋಡಿಕೊಂಡು ಹೋಗಿ. ನನಗೆ ಬದಲಿಸಬೇಕಾದ್ದು ಒಂದೇ ಫೈಲ್. ಅದರ ಪೂಲಿಗೆ ಕಾಯೋಕೂ ಬರುತ್ತದೆ, ಸೆಮಾಫೋರ್ ತೆಗೆಯಬಹುದು. ಆದರೆ ಅದು ತಾನಾಗಿ ಕಾಯುವುದು 30 ಸೆಕೆಂಡ್. ನಮ್ಮ ಗುಮಾಸ್ತರು ಅಷ್ಟು ಹೊತ್ತು ಕಾಯೋರಲ್ಲ, ಅದನ್ನು ಇಳಿಸಬೇಕು.